ಮಳೆಗಾಲದ ಟಾರು ಉಂಡೆ: ನೆರೆದೇಶಗಳ ಜೊತೆ ಒಪ್ಪಂದ ಉಂಟಾ, ನಾವು ಎಂತ ಮಾಡಬಹುದು?

ಕಡಲಕರೆ ಮಲ್ಪೆ (ಪ್ರಶ್ನೆ)
ಮೇ ಕೊನೆಗೆ ಪಡುಗಾಳಿ ಜೋರಾದ ಕೂಡಲೇ ಮಲ್ಪೆಯಿಂದ ಸುರತ್ಕಲ್‌ವರೆಗೆ ಹೊಯಿಗೆಯ ಮೇಲೆ ಕಪ್ಪು ಟಾರು ಉಂಡೆ (ಕಡಲಿಗೆ ಬಿದ್ದ ಎಣ್ಣೆ ಗಟ್ಟಿಯಾದದ್ದು) ಬಂದು ಬೀಳುತ್ತದೆ. ದಡದಿಂದ ಎಳೆಯುವ ಕೈರಂಪಣಿ ಬಲೆಗೆ ಹಿಡಿದರೆ ಬಿಡುವುದಿಲ್ಲ. ಹೊರಕಡಲಿನಲ್ಲಿ ಹೋಗುವ ಹಡಗುಗಳದ್ದು ಎನ್ನುತ್ತಾರೆ. ಹಾಗಾದರೆ ಪಾಕಿಸ್ತಾನ, ಮಾಲ್ಡೀವ್ಸ್, ಶ್ರೀಲಂಕಾ, ಆಚೆ ಒಮಾನ್, ಹೀಗೆ ಒಂದೇ ನೀರನ್ನು ಹಂಚಿಕೊಂಡವರ ನಡುವೆ ಕಡಲು ಕಾಯುವ ಒಪ್ಪಂದ ಉಂಟಾ? ಅದನ್ನು ಹಿಡಿದು ಊರಿನ ಮೀನುಗಾರರ ಸಂಘ ಏನಾದರೂ ಮಾಡಬಹುದಾ?

ಪಣಂಬೂರು ಲಂಗರು
ಉಂಟು, ಆದರೆ ಯಾರನ್ನೂ ಕಟ್ಟಿಹಾಕುವಂಥದ್ದಲ್ಲ. 1995ರ ದಕ್ಷಿಣ ಏಷ್ಯಾ ಕಡಲುಗಳ ಕಾರ್ಯಯೋಜನೆಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಇವೆ. ಕೊಲಂಬೊದ ಸಾಸೆಪ್ (ದಕ್ಷಿಣ ಏಷ್ಯಾ ದೇಶಗಳ ಪರಿಸರ ಸಹಕಾರ ಸಂಸ್ಥೆ) ಅದನ್ನು ನೋಡಿಕೊಳ್ಳುತ್ತದೆ. ಮಾಡುತ್ತೇವೆ ಎಂದು ಒಪ್ಪಿದ್ದಾರೆ, ಮಾಡದಿದ್ದರೆ ಕೇಳುವ ಕಾನೂನು ಇಲ್ಲ. ಇದೇ ಅರಬ್ಬಿ ಕಡಲಿನ ಆಚೆ ದಡದಲ್ಲಿ ಒಮಾನ್, ಇರಾನ್ ಸೇರಿ ಎಂಟು ದೇಶಗಳು 1978ರ ಕುವೈತ್ ಒಪ್ಪಂದಕ್ಕೆ ಬದ್ಧವಾಗಿವೆ. ನಮಗೂ ಅಂಥದ್ದೇ ಬೇಕು.

ವ್ಯತ್ಯಾಸ ಎಲ್ಲಿ ಕಾಣುತ್ತದೆ ಹೇಳುತ್ತೇನೆ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಮಾರ್ಪೋಲ್ ನಿಯಮದ ಪ್ರಕಾರ ಎಂಜಿನ್ ಕೋಣೆಯ ಬಿಲ್ಜ್ ನೀರಿನಲ್ಲಿ (ಹಡಗಿನ ತಳದಲ್ಲಿ ಸೇರುವ ಕೊಳಕು ನೀರು) ಎಣ್ಣೆ 15 ಪಿಪಿಎಂ (ಹತ್ತು ಲಕ್ಷಕ್ಕೆ 15 ಪಾಲು) ಮೀರದಿದ್ದರೆ, ಫಿಲ್ಟರ್ ದಾಟಿಸಿ ಹೊರಗೆ ಬಿಡಬಹುದು. ಟ್ಯಾಂಕ್ ತೊಳೆದ ನೀರನ್ನು ಟ್ಯಾಂಕರ್‌ಗಳು ದಡದಿಂದ 50 ನಾಟಿಕಲ್ ಮೈಲಿ ಆಚೆ, ಮೈಲಿಗೆ 30 ಲೀಟರ್ ಎಣ್ಣೆ ಮೀರದಂತೆ ಬಿಡಬಹುದು. 'ವಿಶೇಷ ಪ್ರದೇಶ' ಜಾರಿಯಾದ ಕಡೆ ಈ ತೊಳೆದ ನೀರಿಗೆ ಅವಕಾಶವೇ ಇಲ್ಲ. ಒಮಾನ್ ಭಾಗದ ಅರಬ್ಬಿ ಕಡಲು ಆ ಪಟ್ಟಿಯಲ್ಲಿ ಉಂಟು, ನಮ್ಮ ಕಡೆಯದ್ದು ಇಲ್ಲ. ಪಟ್ಟಿಗೆ ಸೇರಿದರೂ ಸಾಲದು: ಆ ಕೊಳಕು ನೀರನ್ನು ಇಳಿಸಿಕೊಳ್ಳಲು ಸುತ್ತಲಿನ ಬಂದರುಗಳಲ್ಲಿ ಟ್ಯಾಂಕ್ ಇರಬೇಕು, ಇಲ್ಲದಿದ್ದರೆ ನಿಯಮ ಜಾರಿಗೆ ಬರುವುದಿಲ್ಲ. ಒಂದು ದೇಶ ಕಟ್ಟಿ ಇನ್ನೊಂದು ಕಟ್ಟದಿದ್ದರೆ ಫಲವಿಲ್ಲ.

ಕೈಗೆ ಸಿಗುವಂಥದ್ದು ಒಂದು ಉಂಟು. ಎಣ್ಣೆ, ರಾಸಾಯನಿಕ ಸೋರಿಕೆಯಾದಾಗ ಒಟ್ಟಿಗೆ ಕೆಲಸ ಮಾಡುವ ಸಾಸೆಪ್ ತಿಳಿವಳಿಕೆ ಪತ್ರಕ್ಕೆ ಕೇಂದ್ರ ಸಂಪುಟ 2018ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಭಾರತದ ಪರವಾಗಿ ನಿಲ್ಲುವುದು ಕೋಸ್ಟ್ ಗಾರ್ಡ್. ಹಾಗಾಗಿ ನಿಮ್ಮ ದೂರು ಮೊದಲು ಹೋಗಬೇಕಾದ್ದೂ ಅಲ್ಲಿಗೇ: 1554, ಉಚಿತ ಕರೆ. ದಡ ಸ್ವಚ್ಛ ಮಾಡುವ ಹೊಣೆ ಮಾತ್ರ ರಾಜ್ಯದ್ದು, ಅದಕ್ಕೆ ಜಿಲ್ಲಾಡಳಿತವನ್ನು ಹಿಡಿಯಿರಿ.

ಬೈಕಂಪಾಡಿ ಲ್ಯಾಬ್
ಕರೆ ಮಾಡಿದರೆ ಸಾಲದು ಮಾರಾಯ್ರೆ, ಸ್ಯಾಂಪಲ್ ಬೇಕು. ಪ್ರತಿ ಕಚ್ಚಾ ತೈಲಕ್ಕೂ ಹೋಪೇನ್ ಎಂಬ ಸಂಯುಕ್ತಗಳ ಅನುಪಾತ ಬೇರೆ ಬೇರೆ. ಅದು ಬಿಸಿಲಿಗೂ ಉಪ್ಪುನೀರಿಗೂ ಬೇಗ ಅಳಿಯುವುದಿಲ್ಲ. ಉಂಡೆಯದ್ದನ್ನು ಸಂಶಯ ಇರುವ ಹಡಗಿನ ಎಣ್ಣೆಯ ಜೊತೆ ತಾಳೆ ನೋಡುತ್ತಾರೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇಂಥ ಕೆಲಸ ಮಾಡಿದೆ.

ಹೆಚ್ಚಾಗಿ ಕೆಡುವುದು ಪ್ಲಾಸ್ಟಿಕ್ ಚೀಲದಿಂದ. ಪ್ಲಾಸ್ಟಿಕ್ಕಿನ ಅಂಶ ಎಣ್ಣೆಗೆ ಇಳಿದು ಫಲಿತಾಂಶ ಹಾಳಾಗುತ್ತದೆ. ಗಾಜಿನ ಬಾಟಲಿಯನ್ನು ತೊಳೆದು ಪೂರ್ತಿ ಒಣಗಿಸಿ, ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ ಇಡಿ. ನೈಟ್ರೈಲ್ ಗ್ಲೌಸ್ ಹಾಕಿ ಸ್ಟೀಲ್ ಚಮಚದಲ್ಲಿ ಎತ್ತಿ. ಹೊಸದಾಗಿ ಬಿದ್ದ ಉಂಡೆಯನ್ನೇ ಆರಿಸಿ: ಒಡೆದರೆ ಒಳಗೆ ಮೆತ್ತಗೆ, ಹೊಳಪಾಗಿ ಇರುತ್ತದೆ. ಹೊಯಿಗೆ ಕಚ್ಚಿ ಗಟ್ಟಿಯಾದದ್ದು ಹಳೆಯದು. ಒಂದೇ ಜಾಗದ ಮೂರು ನಾಲ್ಕು ಉಂಡೆಗಳನ್ನು ಬೇರೆ ಬೇರೆ ಬಾಟಲಿಗೆ ಹಾಕಿ, ಒಟ್ಟುಗೂಡಿಸಬೇಡಿ, ಎರಡು ಹಡಗಿನದ್ದು ಬೆರೆತರೆ ಯಾವುದೂ ಹೊಂದುವುದಿಲ್ಲ. ದಿನ, ಗಂಟೆ, ಮೊಬೈಲ್‌ನ ಅಕ್ಷಾಂಶ ರೇಖಾಂಶ ಬರೆದು ಫ್ರಿಜ್‌ನಲ್ಲಿಡಿ.

ಗಾಳಿಯನ್ನೂ ಬರೆದಿಡಿ. ನೀರಿನ ಮೇಲಿನ ಎಣ್ಣೆಯನ್ನು ಗಾಳಿ ತನ್ನ ವೇಗದ ಸುಮಾರು 3%ರಷ್ಟು ತಳ್ಳುತ್ತದೆ. 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ಗಾಳಿಗೆ ದಿನಕ್ಕೆ 14 ನಾಟಿಕಲ್ ಮೈಲಿ. ಅಂದರೆ 50 ಮೈಲಿ ಆಚೆ ಬಿಟ್ಟದ್ದು ಮೂರೂವರೆ ದಿನದಲ್ಲಿ ಕಾಪುವಿನಲ್ಲಿರಬಹುದು. ಮಳೆಗಾಲದಲ್ಲಿ ಕರಾವಳಿಯ ನೀರು ತೆಂಕಕ್ಕೆ ಹರಿಯುವುದರಿಂದ ಮೂಲವನ್ನು ಬಡಗು-ಪಡುವಣದಲ್ಲಿ ಹುಡುಕಬೇಕು.

ಚರ್ಮಕ್ಕೆ ಅಂಟಿದರೆ ತೆಂಗಿನೆಣ್ಣೆ ತಿಕ್ಕಿ ಒರೆಸಿ, ಆಮೇಲೆ ಸಾಬೂನು. ಸೀಮೆಎಣ್ಣೆ ಬೇಡ.

ಕಡಲಕರೆ ಮಲ್ಪೆ
ತುಂಬ ಉಪಕಾರ. ಹಡಗು ಮುಳುಗಿದರೆ ಪರಿಹಾರ ಸಿಗುತ್ತದಾ? 2022ರಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಮುಳುಗಿದ್ದು ಇನ್ನೂ ನೆನಪಿದೆ.

ಅಳಿವೆಬಾಗಿಲು
ಸಿಗುತ್ತದೆ, ಕಾಗದ ಇದ್ದರೆ. ಹಡಗಿನ ಸ್ವಂತ ಇಂಧನ ಸೋರಿದರೆ ಬಂಕರ್ ಒಪ್ಪಂದದಡಿ ಮಾಲೀಕನ ವಿಮೆಯಿಂದ ಕೇಳಬಹುದು. ಟ್ಯಾಂಕರ್ ಹೊತ್ತ ಕಚ್ಚಾ ತೈಲಕ್ಕೆ ಬೇರೆ ಒಪ್ಪಂದ, ಬೇರೆ ಅಂತರರಾಷ್ಟ್ರೀಯ ನಿಧಿ. ಎರಡಕ್ಕೂ ನಷ್ಟವಾದ ಮೂರು ವರ್ಷದೊಳಗೆ ಹೋಗಬೇಕು. ದೋಣಿ ನೋಂದಣಿ, ಲೈಸನ್ಸ್, ಡೀಸೆಲ್ ಬಿಲ್, ಇವುಗಳ ಜೊತೆ ಹಿಂದಿನ ಮೂರು ವರ್ಷದ ಅದೇ ತಿಂಗಳುಗಳ ಮೀನು ಮಾರಾಟದ ಚೀಟಿ ಇಟ್ಟುಕೊಳ್ಳಿ. ನಾಡದೋಣಿಯವರು ಸೋಲುವುದು ಇಲ್ಲೇ: ಬಂಗುಡೆ, ಬೂತಾಯಿ ಕಡಲಕರೆಯಲ್ಲೇ ನಗದಿಗೆ ಹೋಗುತ್ತದೆ, ಚೀಟಿ ಇರುವುದಿಲ್ಲ. ಸಂಘವೇ ದಿನದ ಪುಸ್ತಕ ಬರೆದು ಮುದ್ರೆ ಒತ್ತಿದರೆ ಒಂದು ಆಧಾರವಾಗುತ್ತದೆ.

ಕಷ್ಟ ಇರುವುದು ಪ್ಲಾಸ್ಟಿಕ್ ಕಾಳಿನದ್ದು, ಅಂದರೆ ಪ್ಲಾಸ್ಟಿಕ್ ಸಾಮಾನು ಮಾಡಲು ಬಳಸುವ ಸಣ್ಣ ಗುಂಡುಗಳದ್ದು. 2021ರಲ್ಲಿ ಕೊಲಂಬೊ ಹತ್ತಿರ ಮುಳುಗಿದ ಹಡಗು ಎಕ್ಸ್-ಪ್ರೆಸ್ ಪರ್ಲ್, 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3, ಎರಡರಿಂದಲೂ ಅದು ದಡಕ್ಕೆ ಬಂತು. ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಅದಿಲ್ಲ, ಹಾಗಾಗಿ ಯಾವ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ಮೊದಲೇ ತಿಳಿಯುವುದಿಲ್ಲ. ಕೊಲಂಬೊಗೆ ಬರುವ ಮೊದಲು ಪರ್ಲ್‌ನ ಆಸಿಡ್ ಸೋರುತ್ತಿದ್ದ ಕಂಟೇನರನ್ನು ಇಳಿಸಿಕೊಳ್ಳಲು ಕತಾರಿನ ಹಮದ್, ನಮ್ಮ ಗುಜರಾತಿನ ಹಜೀರಾ, ಎರಡೂ ಬಂದರುಗಳು ಒಪ್ಪಲಿಲ್ಲ. ಪೆಟ್ಟು ಬಿದ್ದದ್ದು ಶ್ರೀಲಂಕಾದ ಬೆಸ್ತರಿಗೆ. ಸೋರುವ ಹಡಗಿಗೆ ಯಾವ ಬಂದರು ಜಾಗ ಕೊಡಬೇಕು ಎಂಬುದು ದಕ್ಷಿಣ ಏಷ್ಯಾ ಕಡಲುಗಳ ಯೋಜನೆಯ ಈ ಐದು ದೇಶಗಳ ನಡುವೆ ಮೊದಲು ತೀರ್ಮಾನ ಆಗಬೇಕು.

ಕಾಳು ಬಂದರೆ ಜೆಸಿಬಿ ತರಿಸಬೇಡಿ, ಹೊಯಿಗೆಯಡಿ ಹೂತುಹೋಗುತ್ತದೆ. ಭರತದ ಗೆರೆಯ ಮೇಲಿನ ಪದರವನ್ನಷ್ಟೇ ಕೈಯಲ್ಲಿ ಕೆರೆದು ಕಡಲ ನೀರು ತುಂಬಿದ ಬಕೆಟ್‌ಗೆ ಹಾಕಿ. ಹೊಯಿಗೆ ತಳಕ್ಕೆ ಹೋಗುತ್ತದೆ, ಕಾಳು ತೇಲುತ್ತದೆ, ಅದನ್ನು 2 ಮಿ.ಮೀ. ಜರಡಿಯಲ್ಲಿ ಸೋಸಿ. ತೂಕ ಬರೆದು ಚೀಲಕ್ಕೆ ಸೀಲ್ ಹಾಕಿ ಜಿಲ್ಲಾಡಳಿತಕ್ಕೆ ಕೊಟ್ಟು ರಸೀದಿ ತೆಗೆದುಕೊಳ್ಳಿ.