‘ಹಸಿವಿಲ್ಲ’ ಎನ್ನುವ ಅಜ್ಜಿ: ಹಿರಿಯರ ಆಹಾರದ ಬಗ್ಗೆ ಶುಶ್ರೂಷಕಿಯರ ಪ್ರಶ್ನೋತ್ತರ

ಪ್ರಶ್ನೆ: ಮಂಡ್ಯದ ಹತ್ತಿರದ ವೃದ್ಧಾಶ್ರಮವೊಂದರಲ್ಲಿ ನಾನು ಶುಶ್ರೂಷಕಿ. ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರ ತೂಕ ಮೂರು ತಿಂಗಳಲ್ಲಿ 46 ಕಿಲೋದಿಂದ 42ಕ್ಕೆ ಇಳಿದಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿದೆ. ‘ಹಸಿವಿಲ್ಲ ಮಗಳೇ’ ಎಂದು ಮುದ್ದೆಯನ್ನು ಅರ್ಧಕ್ಕೇ ಬಿಡುತ್ತಾರೆ. ವಯಸ್ಸಾದ ಮೇಲೆ ಇದೆಲ್ಲ ಸಹಜವೆಂದು ಜೊತೆಯವರು ಹೇಳುತ್ತಾರೆ. ನಾನು ಏನು ಮಾಡಬಹುದು?

ಉತ್ತರ (ಹಿರಿಯ ಶುಶ್ರೂಷಕಿ, ಮೈಸೂರು): ಸಹಜ ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ. ಬಯಸದೆಯೇ ಮೂರು ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದರೆ ಅದು ವೈದ್ಯರಿಗೆ ತಿಳಿಸಲೇಬೇಕಾದ ಸಂಗತಿ. ಈ ಅಜ್ಜಿಯ ವಿಷಯದಲ್ಲಿ ಅದು ಶೇ. 9ರ ಸಮೀಪವಿದೆ. ಇಂದೇ ಅಂಕಿಗಳೊಡನೆ ಬರೆದು ತಿಳಿಸಿ, ಮುಂದೆ ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ ತೂಗಿ.

‘ಹಸಿವಿಲ್ಲ’ ಎಂಬ ಒಂದು ಮಾತಿನ ಹಿಂದೆ ಹಲವು ಕಾರಣಗಳು ಅಡಗಿರುತ್ತವೆ. ಕಟ್ಟಿಸಿಕೊಂಡ ಹಲ್ಲನ್ನು ತೆಗೆಸಿ, ಬಾಯೊಳಗೆ ಬೆಳಕು ಬಿಟ್ಟು ನೋಡಿ. ಮೈ ಇಳಿದಂತೆ ಹಲ್ಲಿನ ಸೆಟ್ಟು ಸಡಿಲಗೊಂಡು ಒಸಡು ಹುಣ್ಣಾಗಿರಬಹುದು. ಮಲಬದ್ಧತೆ ಇದೆಯೇ, ಮನಸ್ಸು ಕುಗ್ಗಿದೆಯೇ ಎಂದು ಬಿಡುವಾಗಿ ಕುಳಿತು ಕೇಳಿ. ಮೆಟ್‌ಫಾರ್ಮಿನ್ ಕೆಲವರಲ್ಲಿ ಹಸಿವನ್ನು ತಗ್ಗಿಸುತ್ತದೆ, ಬಹುಕಾಲ ತೆಗೆದುಕೊಂಡರೆ ಬಿ12 ಜೀವಸತ್ವದ ಕೊರತೆಗೂ ಕಾರಣವಾಗಬಲ್ಲದು. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸದೆ, ವೈದ್ಯರ ಗಮನಕ್ಕೆ ತನ್ನಿ.

ಇನ್ನು ತಟ್ಟೆಯ ವಿಚಾರ. ನಮ್ಮ ಕಡೆಯ ಬಸ್ಸಾರನ್ನೇ ನೋಡಿ: ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳಿನ ಬಹುಪಾಲು ಪಲ್ಯಕ್ಕೆ ಹೋಗುತ್ತದೆ. ಅಗಿಯಲಾರದ ಅಜ್ಜಿ ಪಲ್ಯವನ್ನು ಬದಿಗಿಟ್ಟು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಊಟವಾಯಿತೆಂದು ನಾವು ಗುರುತು ಹಾಕಿಕೊಳ್ಳುತ್ತೇವೆ, ಪ್ರೋಟೀನ್ ಮಾತ್ರ ತಟ್ಟೆಯಲ್ಲೇ ಉಳಿಯುತ್ತದೆ. ರಾಗಿ ಸುಣ್ಣಾಂಶದಲ್ಲಿ ಶ್ರೀಮಂತವಾದ ಧಾನ್ಯ, ಅದನ್ನು ಬಿಡಿಸಬೇಕಾಗಿಲ್ಲ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಹಿರಿಯರಿಗೆ ಒಂದು ಕಿಲೋ ತೂಕಕ್ಕೆ ದಿನವೊಂದಕ್ಕೆ 1ರಿಂದ 1.2 ಗ್ರಾಂ ಬೇಕು, ಅಂದರೆ ಈ ಅಜ್ಜಿಗೆ 42ರಿಂದ 50 ಗ್ರಾಂ. ಆದ್ದರಿಂದ ಬೆಂದ ಹುರುಳಿಕಾಳನ್ನೋ ಅವರೆಕಾಳನ್ನೋ ಒಂದೆರಡು ಹಿಡಿ ಹೆಚ್ಚಾಗಿ ಸಾರಿನ ಖಾರದೊಡನೆ ರುಬ್ಬಲು ಅಡುಗೆಯವರನ್ನು ಕೇಳಿಕೊಳ್ಳಿ. ತಿನ್ನುವವರಾದರೆ ಒಂದು ಮೊಟ್ಟೆ 6 ಗ್ರಾಂ ಕೊಡುತ್ತದೆ, ಒಂದು ಲೋಟ ಹಾಲೂ ಹೆಚ್ಚುಕಡಿಮೆ ಅಷ್ಟೇ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು. ಎರಡು ದೊಡ್ಡ ಊಟಗಳಿಗೆ ಬದಲಾಗಿ ಐದು ಸಣ್ಣ ಹೊತ್ತುಗಳಲ್ಲಿ ಕೊಡಿ. ‘ಉಂಡರು’ ಎಂದಷ್ಟೇ ಬರೆಯದೆ, ಯಾವುದು ಎಷ್ಟು ಉಳಿಯಿತೆಂದು ಮೂರು ದಿನ ಬರೆದಿಡಿ. ಆಹಾರತಜ್ಞರಿಗೆ ಅದಕ್ಕಿಂತ ಉಪಯುಕ್ತವಾದ ಕಾಗದ ಇನ್ನೊಂದಿಲ್ಲ.

ಮರುಪ್ರಶ್ನೆ: ಇವರು ಸೋಮವಾರ, ಶನಿವಾರ ಒಪ್ಪೊತ್ತು ಮಾಡುತ್ತಾರೆ. ಬಿಡಿಸಬೇಕೆ?

ಉತ್ತರ: ಐವತ್ತು ವರ್ಷ ನಡೆಸಿಕೊಂಡು ಬಂದಿರಬಹುದಾದ ವ್ರತವನ್ನು ನಾವು ಗದರಿ ಬಿಡಿಸುವುದು ತಪ್ಪು, ಬಿಡಿಸಲಾಗುವುದೂ ಇಲ್ಲ. ಆ ದಿನ ಏನು ಸಲ್ಲುತ್ತದೆ ಎಂದು ಅವರನ್ನೇ ಕೇಳಿ. ಹಾಲು, ಮೊಸರು, ನೆನೆಸಿದ ಹೆಸರುಬೇಳೆ, ಬಾಳೆಹಣ್ಣುಗಳಿಗೆ ಬಹುಪಾಲು ಹಿರಿಯರು ಒಪ್ಪುತ್ತಾರೆ. ಸಕ್ಕರೆ ಮಾತ್ರೆ ನುಂಗಿ ಉಪವಾಸವಿರುವ ವಿಷಯ ಮಾತ್ರ ವೈದ್ಯರಿಗೆ ಮೊದಲೇ ಗೊತ್ತಿರಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಪಾರ್ಶ್ವವಾಯುವಾದ ನಮ್ಮ ರೋಗಿಯೊಬ್ಬರು ಮುದ್ದೆ ನುಂಗುವಾಗ ಕೆಮ್ಮುತ್ತಾರೆ. ನೀರು ಕುಡಿಸಿ ಇಳಿಸುತ್ತಿದ್ದೇವೆ.

ಉತ್ತರ: ಇದನ್ನು ಈ ಹೊತ್ತೇ ನಿಲ್ಲಿಸಿ. ತೆಳುವಾದ ನೀರು ಮುದ್ದೆಗಿಂತಲೂ ಸುಲಭವಾಗಿ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ತರಬಹುದು. ವೈದ್ಯರಿಗೆ ತಕ್ಷಣ ತಿಳಿಸಿ, ನುಂಗುವ ಶಕ್ತಿಯ ಪರೀಕ್ಷೆಯಾಗುವವರೆಗೆ ಬಾಯಿಗೆ ಏನನ್ನೂ ಕೊಡಬೇಡಿ. ಪರೀಕ್ಷೆಯ ನಂತರ ಅವರು ಹೇಳಿದ ಹದದ ಆಹಾರವನ್ನು, ರೋಗಿಯನ್ನು ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ಉಂಡ ಮೇಲೆ ಅರ್ಧ ಗಂಟೆ ಮಲಗಿಸದೆ ಜೊತೆಯಲ್ಲೇ ಇರಿ.