ಹಳೆ ಕಾರಿನ ಸಿಲ್ ತುಕ್ಕು ಹಿಡಿದು ತೂತಾಗಿದೆ, ಮನೆಯಲ್ಲೇ ವೆಲ್ಡ್ ಮಾಡಬಹುದೇ?

ಹಳೇಚಕ್ರ:

ಎಲ್ಲರಿಗೂ ನಮಸ್ಕಾರ. ನನ್ನದು 80ರ ದಶಕದ ನಾಲ್ಕು ಬಾಗಿಲಿನ ಕಾರು. ಎಂಜಿನ್, ಗೇರ್‌ಬಾಕ್ಸ್ ಎರಡೂ ಗಟ್ಟಿಮುಟ್ಟಾಗಿವೆ, ಮಾರುವ ಯೋಚನೆ ಇಲ್ಲವೇ ಇಲ್ಲ. ಡ್ರೈವರ್ ಕಡೆ ಬಾಗಿಲ ಕೆಳಗೆ ಎರಡು ಚಕ್ರಗಳ ನಡುವೆ ಓಡುವ ತಗಡಿನಲ್ಲಿ, ಅಂದರೆ ಸಿಲ್‌ನಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಿದರೆ ಹೆಬ್ಬೆರಳು ತೂರುವಷ್ಟು ತೂತು ಬಿತ್ತು. ಒಳಗಿಂದ ಕಂದು ಪುಡಿ, ಪದರ ಪದರವಾಗಿ ಎದ್ದ ತುಕ್ಕಿನ ಚೂರು, ಜೊತೆಗೆ ಒಂದು ಹಿಡಿ ಒದ್ದೆ ಮಣ್ಣು ಉದುರಿತು. ಹಿಂದಿನ ಚಕ್ರದ ಮುಂದೆ ಜ್ಯಾಕ್ ಕೊಡುವ ಜಾಗವಂತೂ ಒತ್ತಿದರೆ ಒಳಕ್ಕೆ ಹೋಗುತ್ತದೆ. ಇನ್ನೊಂದು ಬದಿ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ.

ಗೇಟು, ಗ್ರಿಲ್‌ಗೆಲ್ಲ ಆರ್ಕ್ ವೆಲ್ಡಿಂಗ್ ಮಾಡಿ ಕೈ ಪಳಗಿದೆ. ಸ್ನೇಹಿತರ ಮಿಗ್ ಮೆಷಿನ್ (ತಂತಿ ತಾನಾಗಿಯೇ ಹೊರಬರುವ, ಗ್ಯಾಸ್ ಬಳಸುವ ವೆಲ್ಡಿಂಗ್ ಯಂತ್ರ) ಸಿಗುತ್ತದೆ. ನನ್ನ ಪ್ರಶ್ನೆ ಇಷ್ಟು: ತೂತಾದ ಕಡೆ ಮಾತ್ರ ತೇಪೆ ಹಾಕಲೇ, ಇಡೀ ಸಿಲ್ ಬದಲಿಸಲೇ? ಕತ್ತರಿಸಿದಾಗ ಕಾರು ಬಾಗುತ್ತದೆ ಅಂತ ಕೇಳಿದ್ದೇನೆ, ನಿಜವೇ?

ಬಣ್ಣದಡಬ್ಬಿ:

ತೂತು ಅಷ್ಟು ದೊಡ್ಡದೇನಲ್ಲವಲ್ಲ ಸರ್. ತುಕ್ಕು ಉಜ್ಜಿ ತೆಗೆದು, ಫೈಬರ್ ಮ್ಯಾಟ್ ಅಂಟಿಸಿ, ಮೇಲೆ ಪುಟ್ಟಿ ಎಳೆದು ಪೇಂಟ್ ಮಾಡಿದರೆ ಗೊತ್ತೇ ಆಗುವುದಿಲ್ಲ. ನನ್ನ ಕಾರಿನ ಮುಂದಿನ ಫೆಂಡರ್‌ಗೆ ಹಾಗೇ ಮಾಡಿದ್ದು, ಇವತ್ತಿಗೂ ಗಟ್ಟಿಯಾಗಿದೆ.

ತಗಡುಮೇಸ್ತ್ರಿ:

ಬಣ್ಣದಡಬ್ಬಿಯವರೇ, ಫೆಂಡರ್‌ಗೆ ನೀವು ಮಾಡಿದ್ದು ಸರಿ, ಅದು ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ತಗಡು. ಸಿಲ್ ಹಾಗಲ್ಲ. ಈ ಕಾರುಗಳಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಕಾರು ಬಾಗದಂತೆ ಹಿಡಿದಿರುವುದರಲ್ಲಿ ದೊಡ್ಡ ಪಾಲು ಸಿಲ್‌ನದೇ. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದರೆ ಮೊದಲು ಪೆಟ್ಟು ತಡೆಯುವುದರಲ್ಲೂ ಅದಿದೆ. ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟಿನ ಕೆಳಗಿನ ಬೋಲ್ಟ್ ಇರುವುದು ಅಲ್ಲೇ, ಪಿಲ್ಲರ್ (ಬಾಗಿಲ ಪಕ್ಕದಲ್ಲಿ ಛಾವಣಿ ಹೊರುವ ಕಂಬ) ಬುಡದಲ್ಲಿ. ಆ ಜಾಗದಲ್ಲಿ ಪುಟ್ಟಿ ಹಾಕಿದರೆ ತೂತು ಕಾಣುವುದಿಲ್ಲ, ಬಲ ಮಾತ್ರ ಒಂದಿಷ್ಟೂ ಬರುವುದಿಲ್ಲ. ಒಳಗಿನ ತೇವ ಆರದೆ ತುಕ್ಕು ಇನ್ನೂ ಬೇಗ ತಿನ್ನುತ್ತದೆ. ಪುಟ್ಟಿ ತುಂಬಿದ ಸಿಲ್‌ಗಳನ್ನು ಎಷ್ಟೋ ಬಿಚ್ಚಿದ್ದೇನೆ. ಉಳಿ ಇಟ್ಟು ಒಂದೇಟು ಹೊಡೆದರೆ ಉದ್ದಕ್ಕೂ ಕಳಚಿ ಬರುತ್ತದೆ, ಹಿಂದೆ ತಗಡೇ ಇರುವುದಿಲ್ಲ. ದಯವಿಟ್ಟು ಆ ದಾರಿ ಬೇಡ. ಅದರೊಳಗೆ ಕೂರುವವರು ನಿಮ್ಮ ಮನೆಯವರೇ.

ಹಳೇಚಕ್ರ ಅವರೇ, ತೇಪೆಯೋ ಪೂರ್ತಿಯೋ ಎಂಬುದು ಹೊರಗಿನ ತೂತು ನೋಡಿ ತೀರ್ಮಾನ ಆಗುವುದಿಲ್ಲ. ಸಿಲ್ ಅಂದರೆ ಒಂದು ತಗಡಲ್ಲ, ಒಂದು ಪೆಟ್ಟಿಗೆ. ಹೊರ ಸಿಲ್, ಒಳ ಸಿಲ್, ಎಷ್ಟೋ ಕಾರುಗಳಲ್ಲಿ ನಡುವೆ ಇನ್ನೊಂದು ಬಲದ ತಗಡು. ಈ ಪದರಗಳೆಲ್ಲ ಮೇಲೆ ಒಂದು ಅಂಚಿನಲ್ಲಿ, ಕೆಳಗೆ ಒಂದು ಅಂಚಿನಲ್ಲಿ ಸೇರಿ ಸ್ಪಾಟ್ ವೆಲ್ಡ್ ಆಗಿರುತ್ತವೆ, ಅಂದರೆ ಅಲ್ಲಲ್ಲಿ ಚುಕ್ಕಿಯಂತೆ ಬೆಸೆದಿರುತ್ತವೆ. ನೀರು ಹೋಗಲು ಅಡಿಯಲ್ಲಿ ಸಣ್ಣ ಕಂಡಿಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಕೊಂಡರೆ ನೀರು ಒಳಗೇ ನಿಲ್ಲುತ್ತದೆ, ತುಕ್ಕು ಒಳಗಿಂದ ಹೊರಗೆ ಬರುತ್ತದೆ. ನಿಮಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಅದು ಮುಗಿಸಿಯಾಗಿರುತ್ತದೆ. ನೀವು ಹೇಳಿದ ಒದ್ದೆ ಮಣ್ಣೇ ಸಾಕ್ಷಿ.

ಒಂದು ಸಣ್ಣ ಸುತ್ತಿಗೆ ತಗೊಂಡು ಸಿಲ್ ಉದ್ದಕ್ಕೂ ಅರ್ಧ ಅಡಿಗೊಮ್ಮೆ ಮೆಲ್ಲಗೆ ತಟ್ಟಿ. ಒಳ್ಳೆಯ ತಗಡು ಠಣ್ ಅನ್ನುತ್ತದೆ, ಸುತ್ತಿಗೆ ಕೈಯಲ್ಲಿ ಪುಟಿಯುತ್ತದೆ. ಕೆಟ್ಟ ಕಡೆ ಸದ್ದು ಸಪ್ಪೆ, ಸುತ್ತಿಗೆ ಅಲ್ಲೇ ಕೂರುತ್ತದೆ, ಒಳಗೆ ಚೂರು ಜಾರುವ ಸದ್ದೂ ಕೇಳುತ್ತದೆ. ಸಪ್ಪೆ ಸದ್ದು ಶುರುವಾದ ಕಡೆ, ಮುಗಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇನ್ನೊಂದು ಬದಿಗೂ ಮಾಡಿ. ಒಳಗಡೆ ಸೀಟು, ಕಾರ್ಪೆಟ್ ಎತ್ತಿ ಒಳ ಸಿಲ್, ಫ್ಲೋರ್ ಅಂಚನ್ನೂ ತಟ್ಟಿ ನೋಡಿ. ಆಮೇಲೆ ಬರೆಯಿರಿ, ಮುಂದಿನದು ಮಾತಾಡೋಣ. ಅಲ್ಲಿಯ ತನಕ ಗ್ರೈಂಡರ್ ಮುಟ್ಟಬೇಡಿ.

ಹಳೇಚಕ್ರ:

ತುಂಬಾ ಉಪಕಾರ ಆಯಿತು. ತಟ್ಟಿ ನೋಡಿದೆ. ಡ್ರೈವರ್ ಕಡೆ ಹೊರ ಸಿಲ್ ಮುಕ್ಕಾಲು ಪಾಲು ಸಪ್ಪೆ. ಕಾರ್ಪೆಟ್ ಎತ್ತಿದಾಗ ಒಳ ಸಿಲ್‌ನ ಕೆಳ ಅಂಚು ಹಿಂಬಾಗಿಲ ಹತ್ತಿರ ಒಂದು ಗೇಣು ಪುಡಿಯಾಗಿದೆ, ಫ್ಲೋರ್ ಚೆನ್ನಾಗಿದೆ. ಇನ್ನೊಂದು ಬದಿ ಜ್ಯಾಕ್ ಪಾಯಿಂಟ್ ಹತ್ತಿರ ಸ್ವಲ್ಪ ಅನುಮಾನ. ಅಚ್ಚಿನಲ್ಲಿ ಒತ್ತಿ ತಯಾರಿಸಿದ ಹೊಸ ಹೊರ ಸಿಲ್ ಸಿಗುತ್ತದಂತೆ, ತರಿಸಲೇ? ಬಾಗುವ ವಿಷಯ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ.

ಕಿಡಿ:

ಮೇಸ್ತ್ರಿಗಳು ಉತ್ತರ ಕೊಡುವ ಮುಂಚೆ ಒಂದು ಮಾತು. ಬೆಂಕಿ ವಿಷಯ ಹಗುರವಾಗಿ ತಗೋಬೇಡಿ. ಬ್ಯಾಟರಿಯ ಎರಡೂ ವೈರ್ ಬಿಚ್ಚಿ. ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ಹಿಂದಿನ ಲೈಟಿನ ವೈರಿಂಗ್ ಎಲ್ಲ ಸಿಲ್ ಪಕ್ಕದಲ್ಲೇ ಓಡುತ್ತವೆ. ಎಲ್ಲಿವೆ ಅಂತ ಕೈಯಿಂದ ಮುಟ್ಟಿ ನೋಡಿ, ಬಿಚ್ಚಿ ದೂರ ಸರಿಸಿ. ಟ್ಯಾಂಕ್ ಹತ್ತಿರವಿದ್ದರೆ ಅದನ್ನೂ ಇಳಿಸಿ. ಫ್ಲೋರಿಗೆ ಅಂಟಿಸಿರುವ ಕಪ್ಪು ಡಾಂಬರು ಹಾಳೆ, ಅಡಿಯ ಕೋಟಿಂಗ್ ಎರಡೂ ಹೊತ್ತಿಕೊಳ್ಳುತ್ತವೆ. ವೆಲ್ಡ್ ಬೀಳುವ ಜಾಗದ ಒಳಗೂ ಹೊರಗೂ ಕೆರೆದು ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇರಲಿ, ಒಳಗೆ ಕಣ್ಣಿಡಲು ಇನ್ನೊಬ್ಬರಿರಲಿ. ಕೆಲಸ ಮುಗಿದ ಮೇಲೆ ಒಂದು ಗಂಟೆಯಾದರೂ ಕಾರು ಬಿಟ್ಟು ಹೋಗಬೇಡಿ.

ತಗಡುಮೇಸ್ತ್ರಿ:

ಕಿಡಿಯವರು ಹೇಳಿದ್ದು ಮೊದಲು ಮಾಡಿ, ಆಮೇಲೆ ನನ್ನದು.

ಹೌದು, ಬಾಗುತ್ತದೆ. ಬೆಂಬಲ ಇಲ್ಲದೆ ಸಿಲ್ ಕತ್ತರಿಸಿದರೆ ನಡುಭಾಗ ಜಗ್ಗಿ, ಬಾಗಿಲು ಮುಚ್ಚದ ಹಾಗಾಗುತ್ತದೆ. ಆ ಸ್ಥಿತಿಯಲ್ಲಿ ಹೊಸ ಸಿಲ್ ವೆಲ್ಡ್ ಮಾಡಿದರೆ ಆ ಬಾಗು ಶಾಶ್ವತ. ಆದ್ದರಿಂದ ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಸಸ್ಪೆನ್ಷನ್ ಕೂರುವ ಗಟ್ಟಿ ಜಾಗಗಳ ಅಡಿಯಲ್ಲಿ ನಾಲ್ಕು ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಲೇಬೇಡಿ. ಬಾಗಿಲು ಮುಚ್ಚಿ ಸುತ್ತಲಿನ ಗ್ಯಾಪ್ ನಾಲ್ಕೈದು ಕಡೆ ಅಳೆದು, ಅಲ್ಲೇ ಮಾಸ್ಕಿಂಗ್ ಟೇಪ್ ಅಂಟಿಸಿ ಅಳತೆ ಬರೆದಿಡಿ. ಆಮೇಲೆ ಬಾಗಿಲು ಇಳಿಸಿ, 25 ಮಿ.ಮೀ. ಚೌಕ ಪೈಪನ್ನು ಮುಂದಿನ ಪಿಲ್ಲರ್‌ನಿಂದ ನಡುವಿನ ಪಿಲ್ಲರ್‌ಗೆ ಅಡ್ಡ ಕೊಡಿ. ಹಿಂಜ್ ಬೋಲ್ಟಿನ ತೂತು, ಲಾಕ್ ಕೂರುವ ತೂತು ಬಳಸಿಕೊಂಡರೆ ಪಿಲ್ಲರ್‌ಗೆ ವೆಲ್ಡ್ ಹಾಕುವ ಗೋಜೇ ಇಲ್ಲ. ಹಿಂಬಾಗಿಲಿಗೂ ಹಾಗೇ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಕತ್ತರಿಸಬಾರದು.

ಹೊರ ಸಿಲ್ ತರಿಸಿ, ಮುಕ್ಕಾಲು ಹೋದ ಮೇಲೆ ತೇಪೆಗೆ ಅರ್ಥವಿಲ್ಲ. ಆದರೆ ಬಂದ ಕೂಡಲೇ ಹಳೆಯದನ್ನು ಕಿತ್ತು ಹಾಕಬೇಡಿ. ಹಳೆಯದರ ಮೇಲೆ ಹಿಡಿದು ನೋಡಿ, ಪಿಲ್ಲರ್ ಬುಡದ ತಿರುವು ಹೊಂದದೆ ಇರುವುದು ಮಾಮೂಲು. ಸ್ಪಾಟ್ ವೆಲ್ಡ್‌ಗಳನ್ನು ಅದಕ್ಕೆಂದೇ ಬರುವ ಕಟರ್‌ನಿಂದ ಮೇಲಿನ ಪದರಕ್ಕೆ ಮಾತ್ರ ಕೊರೆದು ಬಿಡಿಸಿ, ಹಿಂದಿನ ಅಂಚು ಉಳಿಯಬೇಕು.

ತೆಗೆದ ಮೇಲೆ ಒಳ ಸಿಲ್ ಮೊದಲು ರಿಪೇರಿ ಮಾಡಿ. ಪುಡಿಯಾದ ಆ ಗೇಣು ಜಾಗವನ್ನು ಹೊಳೆಯುವ ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ. ಇಲ್ಲಿ ಕೈ ಬಿಗಿ ಹಿಡಿಯುತ್ತಾರೆ ಎಲ್ಲರೂ, ಇಷ್ಟು ಉಳಿಸೋಣ ಅಂತ. ತೆಳುವಾದ ತಗಡಿಗೆ ವೆಲ್ಡ್ ನಿಲ್ಲುವುದಿಲ್ಲ, ತೂತು ಹೋಗುತ್ತಲೇ ಇರುತ್ತದೆ. ತೇಪೆಗೆ 1 ಮಿ.ಮೀ. ಅಥವಾ 1.2 ಮಿ.ಮೀ. ಮೈಲ್ಡ್ ಸ್ಟೀಲ್ ಶೀಟು ಸಾಕು. ಗ್ಯಾಲ್ವನೈಸ್ಡ್ ಶೀಟಾದರೆ ವೆಲ್ಡ್ ಬೀಳುವ ಕಡೆ ಸತು ಉಜ್ಜಿ ತೆಗೆಯಿರಿ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ. ರಸ್ಟ್ ಕನ್ವರ್ಟರ್ (ತುಕ್ಕಿನ ಮೇಲೆ ಹಚ್ಚುವ ರಾಸಾಯನಿಕ) ಮೇಲ್ಮೈ ತುಕ್ಕಿಗೆ ಒಳ್ಳೆಯದು, ಪದರ ಎದ್ದ ತಗಡನ್ನು ಅದು ಬದುಕಿಸುವುದಿಲ್ಲ.

ಆರ್ಕ್ ಇದಕ್ಕೆ ಬೇಡ, ತೆಳು ತಗಡು ಸುಟ್ಟು ಹೋಗುತ್ತದೆ. ಮಿಗ್‌ಗೆ 0.6 ಮಿ.ಮೀ. ತಂತಿ, ಆರ್ಗಾನ್ ಬೆರೆತ ಗ್ಯಾಸ್ ಹಾಕಿ. ಕತ್ತರಿಸಿ ಎಸೆಯುವ ಅದೇ ಸಿಲ್ ತುಂಡಿನ ಮೇಲೆ, ಒಳ್ಳೆಯ ಭಾಗದಲ್ಲಿ ಸೆಟ್ಟಿಂಗ್ ಕೂರಿಸಿಕೊಳ್ಳಿ. ಗೇಟಿಗೆ ಎಳೆದಂತೆ ಉದ್ದ ಎಳೆಯಬೇಡಿ. ಒಂದು ಸೆಂಟಿಮೀಟರ್ ಹಾಕಿ, ಗೇಣು ದೂರ ಹೋಗಿ ಇನ್ನೊಂದು ಹಾಕಿ, ಕೈ ಇಡುವಷ್ಟು ತಣ್ಣಗಾದ ಮೇಲೆ ವಾಪಸ್ ಬನ್ನಿ. ಅಂಚು ಸೇರುವ ಕಡೆ ಹೊರ ಸಿಲ್‌ನಲ್ಲಿ 6ರಿಂದ 8 ಮಿ.ಮೀ. ತೂತು ಕೊರೆದು, ಕ್ಲ್ಯಾಂಪ್ ಬಿಗಿದು, ಹಿಂದಿನ ತಗಡಿನಿಂದ ಶುರು ಮಾಡಿ ವೆಲ್ಡ್‌ನಿಂದ ತೂತು ತುಂಬಿ. ಕಂಪನಿ ಎಷ್ಟು ದೂರಕ್ಕೊಂದು ಸ್ಪಾಟ್ ಹಾಕಿತ್ತೋ ಅಷ್ಟೇ ದೂರಕ್ಕೆ ಹಾಕಿ, ಕಡಿಮೆ ಬೇಡ. ಮುಚ್ಚಿಹೋಗುವ ಮೈಗಳಿಗೆ ವೆಲ್ಡ್ ಮಾಡಬಹುದಾದ ಜಿಂಕ್ ಪ್ರೈಮರ್ ಮೊದಲೇ ಹೊಡೆದಿರಿ. ಬರೀ ಟ್ಯಾಕ್ (ಅಲ್ಲಲ್ಲಿ ತಾತ್ಕಾಲಿಕ ಚುಕ್ಕಿ ವೆಲ್ಡ್) ಹಾಕಿದ ಹಂತದಲ್ಲೇ ಅಡ್ಡ ಪೈಪ್ ಬಿಚ್ಚಿ, ಬಾಗಿಲು ಏರಿಸಿ, ಟೇಪಿನ ಮೇಲಿನ ಅಳತೆಗೆ ಹೋಲಿಸಿ. ಆಗ ತಪ್ಪಿದ್ದರೆ ಟ್ಯಾಕ್ ಕತ್ತರಿಸಿ ಸರಿ ಮಾಡಬಹುದು. ಸರಿಯಿದ್ದರೆ ಪೈಪ್ ವಾಪಸ್ ಬಿಗಿದು ಪೂರ್ತಿ ವೆಲ್ಡ್ ಮಾಡಿ.

ಇದನ್ನು ಓದುವ ಹೊಸ ಕಾರಿನವರಿಗೆ: ಈಚಿನ ಕಾರುಗಳ ಸಿಲ್, ಪಿಲ್ಲರ್‌ಗಳಲ್ಲಿ ಹೈ ಸ್ಟ್ರೆಂತ್ ಸ್ಟೀಲ್ ಇರುತ್ತದೆ, ವೆಲ್ಡಿಂಗ್ ಕಾವಿಗೆ ಅದರ ಬಲ ಇಳಿಯುತ್ತದೆ. ಈ ಪದ್ಧತಿ ಅವಕ್ಕೆ ಹೊಂದುವುದಿಲ್ಲ.

ಹಳೇಚಕ್ರ:

ಪೂರ್ತಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ಕೊನೆಯದೊಂದು: ಒಳಗೆ ಮತ್ತೆ ತುಕ್ಕು ಬಾರದಂತೆ ಫೋಮ್ ತುಂಬಿಸು ಅಂತ ಒಬ್ಬರು ಹೇಳಿದರು.

ತಗಡುಮೇಸ್ತ್ರಿ:

ಫೋಮ್ ಬೇಡವೇ ಬೇಡ, ನೀರು ಹಿಡಿದಿಟ್ಟುಕೊಂಡು ಕೂರುತ್ತದೆ. ವೆಲ್ಡಿಂಗ್, ಸೀಲರ್, ಪೇಂಟ್ ಎಲ್ಲ ಮುಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗದ ಒಳಮೈಗೆ ಸಿಂಪಡಿಸುವ, ತುಕ್ಕು ತಡೆಯುವ ಮೇಣ) ಹೊಡೆಯಿರಿ. ಮೊದಲೇ ಹೊಡೆದರೆ ವೆಲ್ಡಿಂಗ್ ಕಾವಿಗೆ ಸುಟ್ಟು ಹೋಗುತ್ತದೆ. ಸುತ್ತಲೂ ಚಿಮ್ಮುವ ತುದಿಯಿರುವ ಉದ್ದ ನಳಿಕೆಯನ್ನು ಒಂದು ಕೊನೆಯ ತನಕ ತೂರಿಸಿ, ಹೊಡೆಯುತ್ತಾ ನಿಧಾನ ಹಿಂದಕ್ಕೆ ಎಳೆಯಿರಿ. ಅಡಿಯ ಕಂಡಿಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಒಳಗೆ ತಲುಪಿದೆ ಅಂತ ಲೆಕ್ಕ. ಆಮೇಲೆ ಒಂದು ತಂತಿ ಹಾಕಿ ಕಂಡಿಗಳು ತೆರೆದಿವೆಯೇ ನೋಡಿ, ಸೀಲರ್ ಹಚ್ಚುವಾಗ ಮುಚ್ಚಿಕೊಳ್ಳುವುದು ಜಾಸ್ತಿ. ಆ ಇನ್ನೊಂದು ಬದಿಯ ಜ್ಯಾಕ್ ಪಾಯಿಂಟ್ ಕಾರ್ಪೆಟ್ ಅಡಿಯಿಂದ ಹೇಗಿದೆ ಅಂತಲೂ ನೋಡಿ ಬರೆಯಿರಿ.