ಟ್ಯೂನಾ ಲಾಂಗ್‌ಲೈನ್‌ಗೆ ಜೀವಂತ ಮೀನು ಕಟ್ಟಿದರೆ ಲಾಭ ಉಂಟಾ?

ಮಲ್ಪೆ_ಕಡಲು
ಬಾಲಿಯ ಬೆನೋವಾ ಬಂದರಿನ ವಿಡಿಯೋ ಒಂದು ನೋಡಿದೆ. ಲಾಂಗ್‌ಲೈನ್ ಬೋಟಿನ (ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಬಿಡುವ ಬೋಟು) ಟ್ಯಾಂಕಿಗೆ ಎರೆಗೆಂದು ಜೀವಂತ ಹೂಮೀನು (ಮಿಲ್ಕ್ ಫಿಶ್) ತುಂಬಿಸುತ್ತಿದ್ದರು, ಎಲ್ಲಾ ಗೇಣುದ್ದದವು. ಐಸಿನ ಬೂತಾಯಿ, ಬೊಂಡಾಸ್ (ಸ್ಕ್ವಿಡ್) ಸಿಕ್ಕಿಸಿದರೂ ಟ್ಯೂನಾ ಬೀಳುತ್ತದಲ್ವಾ? ಮತ್ತೆ ಈ ಖರ್ಚು ಯಾಕೆ? ಕಟ್ಟಲೇಬೇಕು ಅಂದ್ರೆ ಬೂತಾಯಿಯನ್ನೇ ಜೀವಂತ ಇಟ್ಟುಕೊಳ್ಳಬಹುದಲ್ಲ?

ಗಾಳದವ
ಬೂತಾಯಿ ಕೈ ತಾಗಿದರೆ ಸಾಕು, ಹುರುಪೆ ಉದುರಿ ಸಾಯುತ್ತದೆ. ಹೂಮೀನು ಗಟ್ಟಿ ಜೀವ. ಸಿಹಿನೀರು, ಅಳಿವೆ, ಸಮುದ್ರ ಎಲ್ಲದಕ್ಕೂ ಒಗ್ಗಿಕೊಳ್ಳುತ್ತದೆ, ಕೊಳದಲ್ಲಿ ಸಾಕಬಹುದು, ಒಂದೇ ಅಳತೆಯದ್ದು ಬೇಕಾದಷ್ಟು ಸಿಗುತ್ತದೆ. ತೈವಾನಿನ ಬೋಟಿನವರೂ ಇದನ್ನೇ ಕಟ್ಟುತ್ತಾರೆ. ಹಳದಿ ರೆಕ್ಕೆಯ ಟ್ಯೂನಾ ಕಣ್ಣಲ್ಲಿ ನೋಡಿ ಬೇಟೆ ಆಡುವ ಮೀನು, ಹಾಗಾಗಿ ಎರೆ ಒದ್ದಾಡಿದಷ್ಟೂ ಒಳ್ಳೆಯದು. ಬೆನ್ನಿನ ಮಾಂಸದಲ್ಲಿ ಮೇಲೆಮೇಲೆ ಗಾಳ ಚುಚ್ಚಬೇಕು. ಮೂಳೆಗೆ ತಾಗಿತೋ, ಈಜುವುದಿಲ್ಲ, ಸುಮ್ನೆ ನೇತಾಡುತ್ತದೆ. ಅದೂ ಬೋಟು ಓಡುತ್ತಾ ಹಗ್ಗ ಬಿಡುತ್ತಿರುವಾಗ, ಒದ್ದೆ ಕೈಯಲ್ಲಿ, ಬೇಗ ಬೇಗ!

ಬಂದರು_ಬದಿ
ಖರ್ಚು ಎರೆಯದ್ದು ಮಾತ್ರ ಅಲ್ಲ ಮಾರಾಯ್ರೇ. ಟ್ಯಾಂಕಿಗೆ ಹಗಲೂ ರಾತ್ರಿ ಹೊಸ ನೀರು ಹೋಗುತ್ತಿರಬೇಕು, ಪಂಪ್ ನಿಂತರೆ ಎರೆ ಪೂರಾ ಖಲಾಸ್. ತುಂಬಿಸುವ ಮೊದಲು ಅವಕ್ಕೆ ತಿನ್ನಲು ಕೊಡಬಾರದು, ಇಲ್ಲದಿದ್ದರೆ ಹೊಲಸಿಗೆ ನೀರು ಕೆಡುತ್ತದೆ. ನಮ್ಮ ಲಕ್ಷದ್ವೀಪದಲ್ಲೂ ಟ್ಯೂನಾಕ್ಕೆ ಜೀವಂತ ಎರೆಯೇ ಅಲ್ವಾ?

ಗಾಳದವ
ಅದು ಬೇರೆ. ಅಲ್ಲಿ ಲಗೂನಿನ (ದ್ವೀಪದ ಪಕ್ಕದ ಆಳವಿಲ್ಲದ ಹಿನ್ನೀರು) ಸಣ್ಣ ಮೀನನ್ನು ನೀರಿಗೆ ಎರಚಿ, ಟ್ಯೂನಾ ಹಿಂಡು ಮೇಲೆ ಬಂದಾಗ ಕೋಲಿನ ಗಾಳದಲ್ಲಿ ಎತ್ತುತ್ತಾರೆ. ಗಾಳಕ್ಕೆ ಎರೆ ಕಟ್ಟುವುದೇ ಇಲ್ಲ.

ಕರಾವಳಿ_ಓದುಗ
ಇನ್ನೊಂದು ಮಾತು. ಜೀವಂತ ಎರೆಗೆ ಟ್ಯೂನಾ ಮಾತ್ರ ಬೀಳುವುದಿಲ್ಲ. ಮೆಕ್ಸಿಕೋ ಕೊಲ್ಲಿಯ ಲಾಂಗ್‌ಲೈನ್‌ನಲ್ಲಿ ಮಾರ್ಲಿನ್, ಸೇಲ್‌ಫಿಶ್ ಎಂಬ ಚೂಪು ಮೂತಿಯ ದೊಡ್ಡ ಮೀನುಗಳು ಜಾಸ್ತಿ ಸಿಕ್ಕಿಬೀಳುತ್ತವೆ ಅಂತ ಅಮೆರಿಕ 2000ದಲ್ಲೇ ಅಲ್ಲಿ ಜೀವಂತ ಎರೆ ನಿಲ್ಲಿಸಿತು. ನಮ್ಮಲ್ಲಿ ಅವೂ ಮಾರಾಟ ಆಗುತ್ತವೆ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೇನೋ ಇದು ಸರಿ ಕಾಣುವುದಿಲ್ಲ.

ಮಲ್ಪೆ_ಕಡಲು
ಓಹೋ, ಇದು ಗೊತ್ತಿರಲಿಲ್ಲ. ಹಾಗಾದರೆ ಕಟ್ಟಲೇಬಾರದಾ?

ಗಾಳದವ
ಹಗಲು ಆಳದಲ್ಲಿರುವ ಬಿಗ್‌ಐ ಜಾತಿಯ ಟ್ಯೂನಾ ಬೇಕಿದ್ದರೆ ಐಸಿನದ್ದೇ ಸಾಕು ಅಂತ ನನ್ನ ಲೆಕ್ಕ. ಹಳದಿ ರೆಕ್ಕೆಗಾದರೆ ಒಂದೇ ಹಗ್ಗದಲ್ಲಿ ಎರಡು ಬೋಯ್ (ಹಗ್ಗ ತೇಲಿಸುವ ಬುರುಡೆ) ನಡುವೆ ಜೀವಂತದ್ದು, ಮುಂದಿನ ಎರಡರ ನಡುವೆ ಐಸಿನದ್ದು, ಹೀಗೆ ಬದಲಿಸಿ ಕಟ್ಟಿ. ಯಾವುದಕ್ಕೆ ಏನು ಬಿತ್ತು ಅಂತ ಬರೆದಿಡಿ, ಮಾರ್ಲಿನ್ ಬಿದ್ದರೆ ಅದನ್ನೂ. ಟ್ಯಾಂಕ್ ಕಟ್ಟಿಸುವ ಮಾತು ಆಮೇಲೆ.